ಬೆಟ್ಟದ ಕಾಡಿನಲ್ಲಿ ಒಂದು ರಾತ್ರಿ: ನಮ್ಮ ಹೆಣ್ಣುಮಕ್ಕಳಿಗೆ ಬೇಕೇ, ಬೇಡವೇ?

ಪ್ರತಿ ವರ್ಷವೂ ದಸರೆಯ ರಜೆ ಮುಗಿದು ಚಳಿಯ ತಿಂಗಳು ಕಾಲಿಟ್ಟೊಡನೆ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಶಾಲೆಗಳಲ್ಲೆಲ್ಲ ಪ್ರವಾಸದ ಮಾತು ಏಳುವುದು. ಗಂಡುಹುಡುಗರಾದರೆ ಎರಡು ಮೂರು ರಾತ್ರಿಗಳ ಪ್ರವಾಸಕ್ಕೂ ತಂದೆತಾಯಿಗಳು ಹೆಚ್ಚು ಯೋಚಿಸದೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವರು. ಹೆಣ್ಣುಮಕ್ಕಳಾದರೋ, “ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವುದಾದರೆ ಸರಿ” ಎಂಬ ಷರತ್ತು ಎಲ್ಲಕ್ಕಿಂತ ಮೊದಲು ಬರುವುದು. ಆದಕಾರಣ ನಮ್ಮ ಹುಡುಗಿಯರು ಸೋಮನಾಥಪುರವನ್ನೂ ತಲಕಾಡನ್ನೂ ಮುಡುಕುತೊರೆಯನ್ನೂ ಹಗಲಿನಲ್ಲಿ ನೋಡಿರುವರು. ಮನೆಯ ಹೊರಗಿನ ರಾತ್ರಿಯೊಂದನ್ನು ಮಾತ್ರ ಎಲ್ಲಿಯೂ ನೋಡಿರುವುದಿಲ್ಲ. ನಮ್ಮ ಶಾಲೆಯ ಮೇಲಿನ ತರಗತಿಗಳ ಹುಡುಗಿಯರನ್ನು ವರ್ಷಕ್ಕೊಮ್ಮೆ ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯಕ್ಕೆ ಕರೆದೊಯ್ದು, ಅಲ್ಲಿ ಒಂದು ರಾತ್ರಿ ತಂಗಿಸಿ ಕರೆತರಬೇಕು. ಪೋಷಕರು ಇದಕ್ಕೆ ಮನಃಪೂರ್ವಕವಾಗಿ ಸಮ್ಮತಿಸಬೇಕು. ಇದು ನನ್ನ ಅಭಿಪ್ರಾಯ. ಈ ಮಾತನ್ನು ಕೇಳಿ ಹುಬ್ಬೇರಿಸುವವರು ಅನೇಕರಿರುವರೆಂದು ಬಲ್ಲೆನು. ಅವರ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಅವುಗಳನ್ನು ಒಂದೊಂದಾಗಿ ತೂಗಿನೋಡುವುದಕ್ಕಾಗಿಯೇ ಈ ಲೇಖನವನ್ನು ಬರೆದಿರುವೆನು.

ಬಿಳಿಗಿರಿರಂಗನ ಬೆಟ್ಟವು ನಮಗೆ ದೂರದ್ದಲ್ಲ. ನರಸೀಪುರದ ಕಡೆಯವರು ಕೊಳ್ಳೇಗಾಲದ ಹಾದಿ ಹಿಡಿದು ಯಳಂದೂರಿನ ಮೇಲೆ ಹೋಗಬಹುದು. ನಂಜನಗೂಡಿನವರು ಚಾಮರಾಜನಗರದ ಮೂಲಕ ಕ್ಯಾತದೇವರ ಗುಡಿಯನ್ನು ಸೇರಬಹುದು. ಈ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಪಡುವಣ ಘಟ್ಟಗಳು ಮಳೆಯ ಹೆಚ್ಚು ಪಾಲನ್ನು ತಾವೇ ಹೀರಿಕೊಂಡು ಬಿಟ್ಟುಕೊಟ್ಟ ಒಣಸೀಮೆ ನಮ್ಮದು. ತಲಕಾಡಿನ ಮರಳುಗುಡ್ಡಗಳ ಮೇಲೆ ನಿಂತವರಿಗೆ ಮರುಭೂಮಿಯ ನೆನಪಾಗುವುದು ಸಹಜ. ಬೇಸಗೆಯಲ್ಲಿ ಬೆಟ್ಟದ ತಪ್ಪಲೂ ಹಾಗೆಯೇ ಕಾಣುವುದು: ಮುಳ್ಳಿನ ಕುರುಚಲು, ಕಳ್ಳಿ, ಬೂದುಬಣ್ಣದ ಬಂಡೆ, ಎಲೆಯುದುರಿ ಬತ್ತಲಾದ ಮರಗಳು. ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಲ್ಲಿ ಆರಂಭವಾಗುವ ಈ ಒಣಕಾಡು, ಮೇಲೇರಿದಂತೆ ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿಗಳ ಕಾಡಾಗಿ, ಕೊನೆಗೆ ಸುಮಾರು 1800 ಮೀಟರಿನವರೆಗಿನ ಶಿಖರಗಳ ನೆತ್ತಿಯಲ್ಲಿ ಹಸಿರು ಹುಲ್ಲುಗಾವಲೂ, ಕಣಿವೆಗಳಲ್ಲಿ ತಂಪಾದ ಶೋಲಾ ಕಾಡೂ ಆಗುವುದು. ಭೂಗೋಳದ ಪುಸ್ತಕದಲ್ಲಿ ನಾಲ್ಕು ಅಧ್ಯಾಯಗಳಲ್ಲಿ ಹರಡಿರುವ ಪಾಠವನ್ನು ಒಂದೇ ಏರಿನಲ್ಲಿ ಓದಬಹುದು. ಈ ಬೆಟ್ಟಗಳಿಂದಿಳಿಯುವ ಸುವರ್ಣಾವತಿಯು ಕಾವೇರಿಗೆ ಸೇರುವುದು. ಇತ್ತ ಬಂಡೀಪುರದ ಕಾಡನ್ನು ಹಾದುಬರುವ ನುಗು ಹೊಳೆಯು ನಮ್ಮ ಕಪಿಲೆಗೆ ಕೂಡುವುದು. ಹೀಗಿರಲು ನಂಜನಗೂಡಿನ ಸ್ನಾನಘಟ್ಟದ ನೀರಿನಲ್ಲಿಯೂ ನರಸೀಪುರದ ಸಂಗಮದ ನೀರಿನಲ್ಲಿಯೂ ಕಾಡಿನ ಪಾಲುಂಟು.

ಕಾಡನ್ನು ನೋಡಬೇಕಾದರೆ ಹಗಲಿನಲ್ಲಿ ನೋಡಿದರೆ ಸಾಲದೇ, ರಾತ್ರಿಯೇತಕ್ಕೆ ಎಂದು ಕೆಲವರು ಕೇಳಬಹುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದವರೆಲ್ಲರೂ ಹಗಲಿನ ಪ್ರವಾಸದ ರೀತಿಯನ್ನು ಬಲ್ಲರು. ಸ್ವಂತ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ, ಸರ್ಕಾರಿ ಬಸ್ಸಿನಲ್ಲಿ ಏರಿ, ದೇವರ ದರ್ಶನ ಮಾಡಿ, ನಾಲ್ಕು ಚಿತ್ರಗಳನ್ನು ತೆಗೆದುಕೊಂಡು ಸಂಜೆಗೆ ಮುಂಚೆಯೇ ಇಳಿದುಬಿಡಬೇಕು. ಅಲ್ಲಿ ಈ ಕಟ್ಟಳೆಯು ಸರಿಯಾದುದೇ. ಆದರೆ ಹೀಗೆ ಹೋಗಿಬಂದವರು ಕಾಡನ್ನು ನೋಡಿದರೆಂದು ಹೇಳಲಾಗದು. ಕಾಡಿನ ರಸ್ತೆಯನ್ನು ನೋಡಿದರೆಂದು ಹೇಳಬಹುದು. ಕಾಡಿನ ಪ್ರಾಣಿಗಳಲ್ಲಿ ಬಹು ಭಾಗವು ಹಗಲಿನ ಬಿಸಿಲಿನಲ್ಲಿ ಮರೆಯಲ್ಲಿದ್ದು, ಹೊತ್ತು ಮುಳುಗಿದ ಮೇಲೆ ಸಂಚರಿಸತಕ್ಕವು. ಮಧ್ಯಾಹ್ನದಲ್ಲಿ ಕಾಡಿಗೆ ಹೋಗುವುದೆಂದರೆ ಮನೆಯವರೆಲ್ಲರೂ ನಿದ್ದೆಮಾಡುತ್ತಿರುವಾಗ ನೆಂಟರಾಗಿ ಹೋದಂತೆ.

ರಾತ್ರಿಯಾದರೆ ಮಾತೇ ಬೇರೆ. ಸಂಜೆಯ ಬೆಳಕು ಹೋಗುತ್ತಿರುವಂತೆಯೇ ಮುಸುವಗಳ ಕೂಗು ಅಡಗುವುದು. ನತ್ತಿಂಗ ಹಕ್ಕಿಯು ದಾರಿಯ ಧೂಳಿನಲ್ಲಿ ಕುಳಿತು ಒಂದೇ ಸಮನೆ ಕೂಗಲಾರಂಭಿಸುವುದು. ಎಲ್ಲಿಯೋ ಒಂದು ಕಡವೆಯು ಗಕ್ಕನೆ ಕೂಗಿದರೆ, ಕಾಡನ್ನು ಬಲ್ಲವರು “ಹುಲಿಯೋ ಚಿರತೆಯೋ ನಡೆದಾಡುತ್ತಿದೆ” ಎಂದು ಪಿಸುಮಾತಿನಲ್ಲಿ ಹೇಳುವರು. ಹುಡುಗಿಯು ತಂಗುಮನೆಯ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತು ಇಷ್ಟನ್ನು ಕೇಳಿದರೆ ಸಾಕು. ಹೊರಗೆ ಹೆಜ್ಜೆಯಿಡಬೇಕಾದುದೇ ಇಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ, ತಾನು ಈ ಲೋಕದ ಏಕಮಾತ್ರ ಯಜಮಾನಳಲ್ಲವೆಂಬ ಅರಿವು ಆಕೆಗೆ ಕಿವಿಯ ಮೂಲಕ ಉಂಟಾಗುವುದು. ತಲೆಯೆತ್ತಿದರೆ, ಊರಿನ ದೀಪಗಳ ಹಾವಳಿಯಿಲ್ಲದ ಆಕಾಶ. ಡಿಸೆಂಬರಿನ ರಾತ್ರಿಯಲ್ಲಿ ಕೃತ್ತಿಕೆಯೂ ಮೃಗಶಿರವೂ ನೆತ್ತಿಯತ್ತ ಏರಿಬರುವುವು. ಯೋಬನ ಗ್ರಂಥದಲ್ಲಿ ಹೆಸರಿಸಿರುವ ಈ ನಕ್ಷತ್ರಗಳನ್ನು ಶಾಸ್ತ್ರಪಾಠದಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಅವುಗಳನ್ನು ಆಕಾಶದಲ್ಲಿ ತೋರಿಸಬಲ್ಲರು?

ಇಷ್ಟೇ ಆಗಿದ್ದರೆ ಇದನ್ನು ಸೊಗಸಿನ ಮಾತೆಂದು ಬಿಡಬಹುದಾಗಿತ್ತು. ಆದರೆ ನಮ್ಮ ಸೀಮೆಗೇ ಸೇರಿದ ಕಠಿಣ ಸಂಗತಿಯೊಂದುಂಟು. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಒಬ್ಬಳು ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಅವಳು ಯಾವ ಅಭಯಾರಣ್ಯಕ್ಕೂ ಹೋಗಿರಲಿಲ್ಲ. ತನ್ನ ಮನೆಯ ಹತ್ತಿರವೇ ಪ್ರಾಣ ಕಳೆದುಕೊಂಡಳು. ಮತ್ತೊಬ್ಬನು ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಬಾಲಕ. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಯ ಕಾಡಂಚಿನಲ್ಲಿ ಒಬ್ಬ ಹೆಂಗಸು ಹುಲಿಗೆ ತುತ್ತಾದಳು. ಈ ಮನೆಗಳ ದುಃಖವನ್ನು ನೆನೆಯುವಾಗ ಕಾಡಿನ ಸೊಬಗಿನ ಮಾತು ನಾಲಗೆಯಲ್ಲಿ ನಿಲ್ಲುವುದಿಲ್ಲ. ಆದರೆ ಅದೇ ಸಂಗತಿಯು ನಮಗೆ ಬೇರೊಂದನ್ನೂ ತಿಳಿಸುವುದು. ಮಗಳನ್ನು ಬೆಟ್ಟಕ್ಕೆ ಕಳುಹಿಸದೆ ಮನೆಯಲ್ಲಿರಿಸಿಕೊಂಡ ಮಾತ್ರಕ್ಕೆ ಕಾಡು ಅವಳಿಂದ ದೂರವಾಗಲಿಲ್ಲ. ಕಾಡು ಕಬ್ಬಿನ ಗದ್ದೆಯ ದಾರಿಯಾಗಿ ಹಿತ್ತಿಲಿಗೆ ಬಂದಿದೆ. ಹಿತ್ತಿಲಿಗೆ ಬಂದುದನ್ನು ಅರಿತುಕೊಳ್ಳುವುದೋ, ಅರಿಯದೆ ಬಾಗಿಲು ಹಾಕಿಕೊಂಡು ಕುಳಿತಿರುವುದೋ? ನಮ್ಮ ಮುಂದಿರುವ ಪ್ರಶ್ನೆ ಇದು.

ಕಬ್ಬಿನ ಗದ್ದೆಯು ಚಿರತೆಗೆ ಮರೆಯನ್ನೂ, ಊರಿನ ನಾಯಿ ಕುರಿ ಮೇಕೆಗಳು ಆಹಾರವನ್ನೂ ಒದಗಿಸುವುವು. ಮುಸ್ಸಂಜೆಯಿಂದ ಮುಂಜಾವದವರೆಗೆ ಅದು ಸಂಚರಿಸುವುದು. ಒಬ್ಬಂಟಿಯಾಗಿ ಬಗ್ಗಿ ಕುಳಿತವರೂ, ಚಿಕ್ಕ ಮಕ್ಕಳೂ ಅದಕ್ಕೆ ಸುಲಭವಾದ ಬೇಟೆಯಾಗಿ ಕಾಣುವರು. ಆದುದರಿಂದ ಕತ್ತಲಲ್ಲಿ ಬಯಲಿಗೆ ಒಬ್ಬರೇ ಹೋಗಬಾರದು. ದೀಪವನ್ನು ಹಿಡಿದು, ಮಾತನಾಡುತ್ತ, ಜೊತೆಯಾಗಿ ನಡೆಯಬೇಕು. ಮನೆಯ ಸುತ್ತ ಪೊದೆಯನ್ನೂ ಮಾಂಸದ ಕಸವನ್ನೂ ಉಳಿಸಬಾರದು. ಪ್ರತಿಯೊಂದು ಮನೆಗೂ ಶೌಚಗೃಹವಿರಬೇಕು. ಈ ನಾಲ್ಕು ಮಾತುಗಳನ್ನು ಕರಿಹಲಗೆಯ ಮೇಲೆ ಬರೆಯಲು ಅರ್ಧ ಗಳಿಗೆ ಸಾಕು. ಆದರೆ ಒಂದು ರಾತ್ರಿ ಕಾಡಿನ ನಡುವೆ ಕುಳಿತು, ಕಾಡನ್ನು ಬಲ್ಲವರ ಬಾಯಿಂದ ಕೇಳಿದ ಹುಡುಗಿಯು ಇವನ್ನು ಜೀವಮಾನವೆಲ್ಲ ಮರೆಯಲಾರಳು. ತನ್ನ ತಮ್ಮಂದಿರಿಗೂ, ಮುಂದೆ ತನ್ನ ಮಕ್ಕಳಿಗೂ ಹೇಳುವಳು. ಹೆಣ್ಣೊಬ್ಬಳು ಕಲಿತರೆ ಒಂದು ಮನೆ ಕಲಿತಂತೆ ಎಂಬ ಮಾತಿನ ಮೇಲೆಯೇ ಅಲ್ಲವೇ ನಮ್ಮ ಶಾಲೆಯಂಥ ಶಾಲೆಗಳು ಕಟ್ಟಲ್ಪಟ್ಟಿರುವುದು?

ಮೊದಲನೆಯ ಆಕ್ಷೇಪಣೆಯು ಅಪಾಯವನ್ನು ಕುರಿತದ್ದು. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಹೋದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿಯನ್ನು ಓದಿದ ಯಾವ ತಾಯಿಯ ಕೈಯೂ ಒಪ್ಪಿಗೆಯ ಕಾಗದದ ಮೇಲೆ ಸಲೀಸಾಗಿ ಓಡಲಾರದು. ಆ ಅಂಜಿಕೆಯನ್ನು ಹಳಿಯುವವರು ಮಕ್ಕಳನ್ನು ಹೆತ್ತವರಲ್ಲ. ಆದರೂ ವಿಚಾರಿಸಬೇಕಾದುದೇನೆಂದರೆ, ಆ ದುರ್ಮರಣಗಳು ನಡೆದುದು ಹಗಲಿನಲ್ಲಿ. ಪ್ರವಾಸವನ್ನು ಅಪಾಯಕರವಾಗಿ ಮಾಡತಕ್ಕದ್ದು ರಾತ್ರಿಯಲ್ಲ, ಶಿಸ್ತಿಲ್ಲದಿರುವಿಕೆ. ಒಂದು ಬಸ್ಸಿನಲ್ಲಿ ಅಳತೆ ಮೀರಿ ಮಕ್ಕಳನ್ನು ತುಂಬಿ, ಒಂದೇ ದಿನದಲ್ಲಿ ಐದಾರು ಸ್ಥಳಗಳನ್ನು ಮುಗಿಸುವ ಆತುರದಲ್ಲಿ, ಬಳಲಿದ ಚಾಲಕನ ಕೈಗೆ ಎಲ್ಲರ ಪ್ರಾಣಗಳನ್ನೂ ಒಪ್ಪಿಸಿ, ನಡುರಾತ್ರಿಯಲ್ಲಿ ಊರಿಗೆ ಮರಳುವ ‘ಒಂದು ದಿನದ’ ಪ್ರವಾಸಕ್ಕಿಂತ, ಬೆಳಕಿರುವಾಗಲೇ ಒಂದು ಕಡೆ ಸೇರಿ, ಬಾಗಿಲು ಭದ್ರವಾಗಿರುವ ಮನೆಯಲ್ಲಿ ಮಲಗಿ, ಬೆಳಗಾದ ಮೇಲೆ ಹೊರಡುವುದು ಹೆಚ್ಚು ಕ್ಷೇಮವೆಂದು ಯಾರು ಒಪ್ಪಲಾರರು?

ಎರಡನೆಯ ಆಕ್ಷೇಪಣೆಯನ್ನು ಯಾರೂ ಸಭೆಯಲ್ಲಿ ಎದ್ದು ಹೇಳುವುದಿಲ್ಲ. ಮನೆಯ ಒಳಗೆ ಮೆಲ್ಲನೆ ಆಡಿಕೊಳ್ಳುವರು. “ಬೆಳೆದ ಹುಡುಗಿ, ಹೊರಗೆ ಮಲಗಿದಳೆಂದರೆ ನಾಲ್ಕು ಜನ ಏನೆಂದಾರು? ತಿಂಗಳ ದಿನಗಳು ಬಂದುಬಿಟ್ಟರೆ ಏನು ಮಾಡುವುದು?” ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ತಿಂಗಳ ದಿನಗಳು ದೇವರು ಕೊಟ್ಟ ಶರೀರಧರ್ಮ. ಜೊತೆಯಲ್ಲಿರುವ ಉಪಾಧ್ಯಾಯಿನಿಯರು ಅದಕ್ಕೆ ಬೇಕಾದುದನ್ನು ಮೊದಲೇ ಸಿದ್ಧಪಡಿಸಿಕೊಂಡು, ನೀರೂ ಬಾಗಿಲೂ ಸರಿಯಾಗಿರುವ ಶೌಚಗೃಹವುಳ್ಳ ಮನೆಯನ್ನೇ ಗೊತ್ತುಮಾಡಿದರೆ ಆ ತೊಡಕು ತೀರಿತು. ಇನ್ನು ನಾಲ್ಕು ಜನರ ಮಾತು. ಒಂದು ಕಾಲದಲ್ಲಿ ಹೆಣ್ಣು ಶಾಲೆಯ ಹೊಸ್ತಿಲನ್ನು ತುಳಿದಾಗಲೂ ಇದೇ ನಾಲ್ಕು ಜನರು ಇದೇ ಮಾತನ್ನು ಆಡಿದರು. ಅವರಿಗೆ ಹೆದರಿದ್ದ ಪಕ್ಷದಲ್ಲಿ ಈ ಸ್ಮರಣಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೇ ಇರುತ್ತಿರಲಿಲ್ಲ. ಅದೂ ಅಲ್ಲದೆ, ನಾಳೆ ಇದೇ ಹುಡುಗಿಯು ಕಾಲೇಜಿಗೆಂದೋ ಕೆಲಸಕ್ಕೆಂದೋ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಅಪರಿಚಿತರ ನಡುವೆ ಒಬ್ಬಳೇ ಇರಬೇಕಾಗಿ ಬರುವುದು. ಮನೆಯಿಂದಾಚೆಯ ಮೊದಲನೆಯ ರಾತ್ರಿಯನ್ನು ಆಕೆಯು ಗೆಳತಿಯರ ಮಧ್ಯದಲ್ಲಿ, ಉಪಾಧ್ಯಾಯಿನಿಯರ ಕಾವಲಿನಲ್ಲಿ ಕಳೆಯುವುದು ಮೇಲೋ, ಆಗ ಒಬ್ಬಂಟಿಯಾಗಿ ಕಳೆಯುವುದು ಮೇಲೋ ಎಂಬುದನ್ನು ತಂದೆತಾಯಿಗಳೇ ನಿರ್ಣಯಿಸಲಿ.

ಕಾಡನ್ನು ಅರಿತ ಹೆಂಗಸರು ನಮ್ಮ ನಾಡುಗಳಿಗೆ ಹೊಸಬರಲ್ಲ. ತಲಚೇರಿಯಲ್ಲಿ 1897ರಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಅವರು ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿ, 1931ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಸಸ್ಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಇಳಿವಯಸ್ಸಿನಲ್ಲಿಯೂ ಕೇರಳದ ಮೌನಕಣಿವೆಯ ಕಾಡನ್ನು ಅಣೆಕಟ್ಟಿನಿಂದ ಉಳಿಸಬೇಕೆಂದು ದನಿಯೆತ್ತಿದರು. ಅವರು ತೀರಿಕೊಂಡ 1984ರಲ್ಲಿಯೇ ಆ ಕಣಿವೆಯು ರಾಷ್ಟ್ರೀಯ ಉದ್ಯಾನವೆಂದು ಸಾರಲ್ಪಟ್ಟಿತು. ಜೆ. ವಿಜಯ ಎಂಬ ತರುಣಿಯು 1982ರಲ್ಲಿ ಕೇರಳದ ಕಾಡಿನಲ್ಲಿ ವಾಸಿಸುತ್ತ, ಅನೇಕ ದಶಕಗಳಿಂದ ವಿಜ್ಞಾನಿಗಳ ಕಣ್ಣಿಗೆ ಬೀಳದಿದ್ದ ಕಾಡಾಮೆಯೊಂದನ್ನು ಮತ್ತೆ ಕಂಡುಹಿಡಿದರು. ಇಂದು ನಮ್ಮ ರಾಜ್ಯದ ಅರಣ್ಯ ಇಲಾಖೆಯಲ್ಲಿ ಹೆಂಗಸರೂ ಗಸ್ತು ತಿರುಗುವರು. ನಮ್ಮ ಶಾಲೆಯಿಂದ ವೈದ್ಯೆಯರೂ ದಾದಿಯರೂ ಉಪಾಧ್ಯಾಯಿನಿಯರೂ ಬಂದರೆ ಸಂತೋಷಪಡುವ ನಾವು, ಒಬ್ಬ ಅರಣ್ಯಾಧಿಕಾರಿಣಿಯು ಬಂದರೆ ಬೇಡವೆನ್ನುವೆವೇ? ಕಾಡನ್ನೇ ಕಾಣದ ಹುಡುಗಿಗೆ ಆ ಆಸೆಯಾದರೂ ಎಲ್ಲಿಂದ ಮೊಳೆತೀತು?

ಮೂರನೆಯ ಆಕ್ಷೇಪಣೆಯು ಕಾಡಿನ ಪರವಾದುದು. ನನಗೆ ಎಲ್ಲಕ್ಕಿಂತ ಹೆಚ್ಚು ತೂಕವುಳ್ಳದ್ದಾಗಿ ತೋರುವುದೂ ಇದೇ. ನಾವು ಹೋಗುವುದರಿಂದ ನಮಗೆ ಒಳ್ಳೆಯದಾಗಬಹುದು, ಕಾಡಿಗೆ ಏನಾಗುವುದು? ಕಲ್ಲಿಕೋಟೆಯಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರಗಳನ್ನು ಹಾದು ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯು ನಮ್ಮೆರಡು ಊರುಗಳಿಗೂ ಸಾಮಾನ್ಯವಾದುದು. ಅದೇ ಹೆದ್ದಾರಿಯು ಬಂಡೀಪುರದ ಕಾಡನ್ನು ಸೀಳಿಕೊಂಡು ಬರುವಲ್ಲಿ, ಇರುಳಿನಲ್ಲಿ ಓಡುವ ವಾಹನಗಳಿಗೆ ಸಿಕ್ಕಿ ಮೃಗಗಳು ಸಾಯುತ್ತಿದ್ದುದರಿಂದ, ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಾಡಿನ ರಾತ್ರಿಯು ಕಾಡಿನದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕಿಲ್ಲ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಕೆಳಗಿಳಿದು ಆನೆಯೊಡನೆ ಚಿತ್ರ ತೆಗೆದುಕೊಳ್ಳಲು ಹೋದವನೊಬ್ಬನನ್ನು ಆನೆಯು ಅಟ್ಟಿ ಕೆಡವಿತು. ಆತನು ಬದುಕಿದುದು ಪುಣ್ಯ. ಅದೇ ವರ್ಷದ ನವೆಂಬರಿನಲ್ಲಿ ಕಾಡಂಚಿನ ಜನರು ಹುಲಿಗಳಿಗೆ ಬಲಿಯಾದಾಗ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿತು. ಜನರ ನೋವಿನ ನಡುವೆ ವಿಹಾರಕ್ಕೆ ಹೋಗುವುದು ಸಲ್ಲದೆಂಬ ಭಾವನೆಯು ಆ ಊರುಗಳಲ್ಲಿ ಎದ್ದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದಕಾರಣ ನಾನು ಬೇಡುವುದು ವಿಹಾರವನ್ನಲ್ಲ. ಹುಲಿಯನ್ನು ತೋರಿಸಿರೆಂದು ಹಟ ಹಿಡಿಯುವ, ಹಾಡು ಹಾಕಿ ಕುಣಿಯುವ, ರಸಬಾಳೆಯ ಸಿಪ್ಪೆಯನ್ನೂ ಪ್ಲಾಸ್ಟಿಕ್ಕಿನ ಚೀಲವನ್ನೂ ದಾರಿಯುದ್ದಕ್ಕೂ ಚೆಲ್ಲುವ ಗುಂಪಿಗಿಂತ, ಬೆಟ್ಟಕ್ಕೆ ಯಾರೂ ಹೋಗದಿರುವುದೇ ಲೇಸು. ಅತಿಥಿಗಳಾಗಿ ಹೋಗಬಲ್ಲವರು ಮಾತ್ರ ಹೋಗಬೇಕು. ಅತಿಥಿಗಳೆಂದ ಮೇಲೆ ಆತಿಥೇಯರು ಯಾರೆಂದು ತಿಳಿದಿರಬೇಡವೇ? ಬಿಳಿಗಿರಿಯ ಕಾಡಿನ ಆತಿಥೇಯರು ಸೋಲಿಗರು. ಬೆಟ್ಟದ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ನಂಬಿ, ಅವನನ್ನು ‘ಭಾವ’ ಎಂದು ಕರೆಯತಕ್ಕ ಜನ ಇವರು. ಹಿಂದೆ ಇವರು ಬೇಸಗೆಯ ಆರಂಭದಲ್ಲಿಯೇ ನೆಲದ ಒಣ ಎಲೆಗಳಿಗೆ ಸಣ್ಣ ಉರಿಯನ್ನಿಡುತ್ತಿದ್ದರು. ಅದಕ್ಕೆ ತರಗುಬೆಂಕಿಯೆಂದು ಹೆಸರು. ಅಭಯಾರಣ್ಯವಾದ ಮೇಲೆ ಅದು ನಿಷಿದ್ಧವಾಯಿತು. ತರಗುಬೆಂಕಿಯು ನಿಂತುದರಿಂದಲೇ ಲಂಟಾನದ ಪೊದೆಯು ಕಾಡನ್ನೆಲ್ಲ ಕವಿಯಿತೆಂದು ಸೋಲಿಗರ ಹಿರಿಯರು ಹೇಳುವರು. ವಿಜ್ಞಾನಿಗಳೂ ಈಗ ಆ ಮಾತಿಗೆ ಕಿವಿಗೊಡುತ್ತಿರುವರು. 2011ರಲ್ಲಿ, ಈ ಕಾಡು ಹುಲಿಗಳಿಗಾಗಿ ಮೀಸಲಾದ ವರ್ಷದಲ್ಲಿಯೇ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕುಗಳು ದೊರೆತುವು. ಜೇನು, ನೆಲ್ಲಿ, ಪಾಚಿಗಳನ್ನು ಎಷ್ಟು ಕೊಯ್ಯಬೇಕು, ಎಷ್ಟನ್ನು ಹಕ್ಕಿಗೂ ಮರಿಗೂ ಬಿಡಬೇಕು ಎಂಬ ಲೆಕ್ಕವನ್ನು ಬಲ್ಲ ಒಬ್ಬ ಸೋಲಿಗರ ಅಜ್ಜಿಯು ನಮ್ಮ ಹುಡುಗಿಯರ ನಡುವೆ ಕುಳಿತು ಒಂದು ಗಂಟೆ ಮಾತನಾಡಿದರೆ, ಅದು ಒಂದು ವರ್ಷದ ಜೀವಶಾಸ್ತ್ರದ ಪಾಠಕ್ಕೆ ಕಡಿಮೆಯಾದುದಲ್ಲ. ಅಕ್ಷರ ಬಾರದವರಲ್ಲಿಯೂ ವಿದ್ಯೆಯುಂಟೆಂಬುದನ್ನು ಶಾಲೆಯ ಮಕ್ಕಳು ಕಣ್ಣಾರೆ ಕಾಣುವುದು ಬಹಳ ಅಗತ್ಯ.

ಬೇರೊಂದು ಬೆಟ್ಟದ ದೃಷ್ಟಾಂತವನ್ನು ಇಲ್ಲಿ ಹೇಳಬಹುದು. ನಮ್ಮ ಮಕ್ಕಳು ಶಾಸ್ತ್ರಪಾಠದಲ್ಲಿ ಕೇಳುವ ಸೀನಾಯಿ ಬೆಟ್ಟವು ಐಗುಪ್ತ ದೇಶದ ಮರುಭೂಮಿಯಲ್ಲಿ ಇಂದು ಒಂದು ಸಂರಕ್ಷಿತ ಪ್ರದೇಶವಾಗಿರುವುದು. ಆರನೆಯ ಶತಮಾನದಲ್ಲಿ ಕಟ್ಟಿದ ಸಂತ ಕ್ಯಾಥರೀನಳ ಮಠವು ಅದರ ಬುಡದಲ್ಲಿದೆ. 2002ರಲ್ಲಿ ಆ ಪ್ರದೇಶವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಯಾತ್ರಿಕರು ನಡುರಾತ್ರಿಯಲ್ಲಿಯೇ ಏರತೊಡಗಿ ಶಿಖರದ ಮೇಲೆ ಸೂರ್ಯೋದಯವನ್ನು ಕಾಣುವರು. ಅವರಿಗೆ ದಾರಿ ತೋರಿಸುವವರು ತಲೆತಲಾಂತರದಿಂದ ಮಠದ ಸೇವೆಯಲ್ಲಿರುವ ಜೆಬಲಿಯ ಎಂಬ ಬುಡಕಟ್ಟಿನವರು. ನೀರಿನ ಒರತೆಯನ್ನೂ, ಔಷಧದ ಗಿಡವನ್ನೂ, ಬಂಡೆಯ ನೆರಳನ್ನೂ ಬಲ್ಲ ಅವರಿಲ್ಲದೆ ಆ ಒಣಬೆಟ್ಟದಲ್ಲಿ ಪರಸ್ಥಳದವನು ದಿಕ್ಕೆಟ್ಟುಹೋಗುವನು. ಆದರೆ 2021ರಿಂದೀಚೆಗೆ ಅಲ್ಲಿ ದೊಡ್ಡ ಹೋಟೆಲುಗಳು ಏಳತೊಡಗಿ, ಬೆಟ್ಟದ ಮೌನವು ಉಳಿದೀತೇ ಎಂಬ ಕಳವಳವು ದೇಶದೇಶಗಳಲ್ಲಿ ಹುಟ್ಟಿರುವುದು. ಎಲೀಯನು ಅದೇ ಬೆಟ್ಟದ ಗವಿಯೊಂದರಲ್ಲಿ ರಾತ್ರಿಯನ್ನು ಕಳೆದನೆಂದೂ, ಗಾಳಿ, ಭೂಕಂಪ, ಬೆಂಕಿಗಳೆಲ್ಲ ಹಾದುಹೋದ ತರುವಾಯ ಒಂದು ಮೆಲುದನಿಯನ್ನು ಕೇಳಿದನೆಂದೂ ನಾವು ಓದಿರುವೆವು. ಆ ದನಿಯನ್ನು ಕೇಳಲು ಬಂದವರು ತಾವೇ ಗದ್ದಲವನ್ನು ಕಟ್ಟಿಕೊಂಡು ಬಂದರೆ ಏನನ್ನು ಕೇಳಿಯಾರು? ಸೀನಾಯಿಯ ಪಾಡು ಬಿಳಿಗಿರಿಗೂ ಬಾರದಿರಬೇಕಾದರೆ, ಹೋಗುವವರು ಕೆಲವರಾಗಿಯೂ, ಅಲ್ಪತೃಪ್ತರಾಗಿಯೂ ಇರಬೇಕು.

ಇನ್ನು ಏರ್ಪಾಡಿನ ಮಾತು. ಹೋಗತಕ್ಕವರು 9 ಮತ್ತು 10ನೆಯ ತರಗತಿಗಳ ಹುಡುಗಿಯರು. ಒಂದು ಸಲಕ್ಕೆ 20 ಮಂದಿಗೆ ಮೀರಬಾರದು. ಅವರೊಡನೆ ಮೂವರು ಉಪಾಧ್ಯಾಯಿನಿಯರೂ, ಪೋಷಕರ ಪರವಾಗಿ ಇಬ್ಬರು ತಾಯಂದಿರೂ ಇರಬೇಕು. ಕಾಲವು ನವೆಂಬರಿನಿಂದ ಜನವರಿಯ ಕೊನೆಯವರೆಗೆ. ಆ ಬಳಿಕ ಕಾಡ್ಗಿಚ್ಚಿನ ಭಯ ಆರಂಭವಾಗುವುದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋದುದು ಯಾರಿಗೂ ಮರೆತಿಲ್ಲ. ಹೊರಡುವ ಮುನ್ನ ಅರಣ್ಯ ಇಲಾಖೆಯನ್ನು ಬರವಣಿಗೆಯಲ್ಲಿ ಕೇಳಬೇಕು. ಅವರು ಬೇಡವೆಂದ ವರ್ಷ ಹೋಗಲೇಬಾರದು. ಗೊತ್ತಾದ ತಂಗುಮನೆಯ ವಿನಾ ಬೇರೆಲ್ಲಿಯೂ ಮಲಗಕೂಡದು. ಬಯಲಿನಲ್ಲಿ ಬೆಂಕಿ ಹಾಕಕೂಡದು. ಕತ್ತಲಾದ ಮೇಲೆ ಜಗಲಿಯನ್ನು ಇಳಿಯಕೂಡದು. ಮೊಬೈಲುಗಳು ಉಪಾಧ್ಯಾಯಿನಿಯರ ವಶದಲ್ಲಿರಲಿ. ಮನೆಗೆ ಕ್ಷೇಮಸಮಾಚಾರವನ್ನು ಅವರೇ ತಿಳಿಸಲಿ. ಅಡಿಗೆಯು ಮುದ್ದೆ, ಸಾರು, ಅನ್ನ, ಮಜ್ಜಿಗೆ ಇಷ್ಟೇ ಆಗಿರಲಿ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ, ಒಂದೇ ಸೂರಿನಡಿಯಲ್ಲಿ ಮಲಗಲಿ. ಯಾವ ಕೇರಿಯ ಹುಡುಗಿ, ಯಾವ ಮತದ ಹುಡುಗಿ ಎಂಬುದು ಆ ರಾತ್ರಿಯ ಚಳಿಯಲ್ಲಿ ಕಂಬಳಿ ಹಂಚಿಕೊಳ್ಳುವಾಗ ತಾನೇ ಮರೆತುಹೋಗುವುದು. ತರಗತಿಯ ಬೆಂಚಿನ ಮೇಲೆ ಹತ್ತು ವರುಷ ಜೊತೆಯಲ್ಲಿ ಕುಳಿತರೂ ಆಗದ ಗೆಳೆತನವು ಒಂದು ಇರುಳಿನಲ್ಲಿ ಆದೀತು.

ವೆಚ್ಚದ ಪ್ರಶ್ನೆಯೊಂದು ಉಳಿಯಿತು. ಕಾಡಿನೊಳಗಿನ ಒಳ್ಳೆಯ ತಂಗುದಾಣಗಳ ಬಾಡಿಗೆಯು ಕೂಲಿಮಾಡಿ ಮಗಳನ್ನು ಓದಿಸುವ ತಂದೆಗೆ ಎಟಕುವಂಥದಲ್ಲ. ಹಣವುಳ್ಳವರ ಮಕ್ಕಳು ಮಾತ್ರ ಹೋಗಿ, ಇಲ್ಲದವರ ಮಕ್ಕಳು ಮರುದಿನ ಅವರ ಕಥೆಯನ್ನು ಕೇಳುತ್ತ ಕುಳಿತಿರುವಂತಾದರೆ ಅಂಥ ಪ್ರವಾಸವು ನಮ್ಮ ಶಾಲೆಗೆ ಶೋಭೆಯಲ್ಲ. ಬೆಟ್ಟದ ಮೇಲಣ ಊರಿನಲ್ಲಿ ಯಾತ್ರಿಕರಿಗಾಗಿ ಇರುವ ಸಾದಾ ಮನೆಗಳು ಸಾಕು. ಅದಕ್ಕೂ ಬೇಕಾಗುವ ಹಣವನ್ನು ಹಳೆಯ ವಿದ್ಯಾರ್ಥಿನಿಯರಾದ ನಾವು ಒಟ್ಟುಗೂಡಿಸೋಣ. ಪ್ರತಿಯೊಬ್ಬಳೂ ವರ್ಷಕ್ಕೆ ಒಬ್ಬ ಹುಡುಗಿಯ ಒಂದು ರಾತ್ರಿಯ ವೆಚ್ಚವನ್ನು ವಹಿಸಿಕೊಂಡರೆ, ಬಡತನದ ಕಾರಣದಿಂದ ಯಾವ ಮಗುವೂ ಹಿಂದುಳಿಯಬೇಕಾಗಿಲ್ಲ. ಶಾಲೆಗೆ ಗಡಿಯಾರವನ್ನೋ ಬೀರುವನ್ನೋ ಕೊಟ್ಟು ಹೆಸರು ಕೆತ್ತಿಸುವುದಕ್ಕಿಂತ ಇದು ಕಡಿಮೆಯ ಕಾಣಿಕೆಯೇನಲ್ಲ.

ಪೋಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮುಂದಿನ ಚಳಿಗಾಲದಲ್ಲಿ ಒಪ್ಪಿಗೆಯ ಕಾಗದವು ನಿಮ್ಮ ಮನೆಗೆ ಬಂದರೆ, ಏರ್ಪಾಡನ್ನು ಚೆನ್ನಾಗಿ ವಿಚಾರಿಸಿರಿ. ಎಲ್ಲಿ ಮಲಗುವರು, ಯಾರು ಜೊತೆಗಿರುವರು, ಬಾಗಿಲು ಭದ್ರವೇ ಎಂದು ಹತ್ತು ಸಲ ಕೇಳಿರಿ. ಉತ್ತರವು ತೃಪ್ತಿಕರವಾಗಿಲ್ಲದಿದ್ದರೆ ರುಜು ಹಾಕದಿರಿ. ಆದರೆ ಉತ್ತರಗಳೆಲ್ಲವೂ ಸರಿಯಾಗಿದ್ದ ಮೇಲೂ, ‘ಇವಳು ಹೆಣ್ಣು’ ಎಂಬ ಒಂದೇ ಕಾರಣದಿಂದ ಕಾಗದವನ್ನು ಹಿಂದಕ್ಕೆ ಕಳುಹಿಸದಿರಿ. ಚಿರತೆಯು ಹಿತ್ತಿಲಿಗೆ ಬರುವಾಗ ಗಂಡೆಂದೂ ಹೆಣ್ಣೆಂದೂ ನೋಡಲಿಲ್ಲ. ಬೆಟ್ಟದಿಂದಿಳಿಯುವ ನೀರೂ ನೋಡುವುದಿಲ್ಲ. ಈ ಸೀಮೆಯಲ್ಲಿ ಬಾಳಿ, ಇಲ್ಲಿಯ ನೀರನ್ನು ಕುಡಿದು, ಇಲ್ಲಿಯ ಕತ್ತಲಲ್ಲಿ ನಡೆದಾಡಬೇಕಾದ ನಮ್ಮ ಹೆಣ್ಣುಮಕ್ಕಳು ಆ ಕಾಡನ್ನೂ ಆ ಕತ್ತಲನ್ನೂ ಹೆದರಿಕೆಯಿಂದಲ್ಲ, ಅರಿವಿನಿಂದ ಬಲ್ಲವರಾಗಲಿ. ಹಗಲನ್ನೂ ಇರುಳನ್ನೂ ಸೃಷ್ಟಿಸಿ ಎರಡನ್ನೂ ಒಳ್ಳೆಯದೆಂದು ಕಂಡ ದೇವರು ಹೋಗುವ ಮಕ್ಕಳನ್ನೂ ಕಾದಿರುವ ತಾಯಂದಿರನ್ನೂ ಕಾಪಾಡಲಿ.